ದಾರದ ಈಚೆಯ ಹುಲ್ಲು

"ಇಪ್ಪತ್ತೇಳು," ಎಂದರು ಇನ್ಸ್‌ಪೆಕ್ಟರ್.

ಅವರು ಹುಲ್ಲಿನ ಮೇಲೆ ಕೂತು ಸತ್ತ ಎರೆಹುಳುಗಳನ್ನು ಎಣಿಸುತ್ತಿದ್ದರು. ಎಡಮಂಡಿ ಬೆಳಗಿನಿಂದ ಸಿಡಿಯುತ್ತಿತ್ತು. ಏಳಬೇಕು ಅನ್ನಿಸಿದರೂ, ಎದ್ದರೆ ಮತ್ತೆ ಕೂರಬೇಕಲ್ಲ ಎಂದು ಹಾಗೇ ಕೂತಿದ್ದರು.

"ಎರೆಹುಳು ಇಪ್ಪತ್ತೇಳು ಅಂತ ಬರೀಲಾ ಸಾರ್?" ಪೇದೆ ಕೇಳಿದ.

"ಬರಿ. ತಂದೆ ಹೆಸರು, ವಿಳಾಸ ಬೇಡ."

ಪೇದೆ ನಗಲಿಲ್ಲ. ಎರಡು ದಿನದಿಂದ ಅವನಿಗೂ ನಿದ್ದೆ ಇರಲಿಲ್ಲ.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಹುಲ್ಲಜ್ಜ ಇದೇ ಜಾಗದಲ್ಲಿ ಬಾಯಲ್ಲಿ ನೊರೆ ಕಾರುತ್ತ ಬಿದ್ದಿದ್ದ. ಇವತ್ತು ಶುಕ್ರವಾರ, ಅವನಿಗೆ ಇನ್ನೂ ಎಚ್ಚರವಾಗಿರಲಿಲ್ಲ.

ಹೆಸರಿಗೆ ಅಜ್ಜ, ವಯಸ್ಸು ಅರವತ್ತೆರಡು. ಸುತ್ತಲಿನ ನಲವತ್ತು ಮನೆಗಳಿಗೆ ಸೇರಿದ ಈ ಹುಲ್ಲುಹಾಸನ್ನು ಇಪ್ಪತ್ತಾರು ವರ್ಷ ಒಬ್ಬನೇ ನೋಡಿಕೊಂಡವನು. ಒಂದು ಹನಿ ಔಷಧಿ ಹೊಡೆದವನಲ್ಲ. ಕಳೆಯನ್ನು ಮೊಂಡು ಚಾಕುವಿನಲ್ಲಿ ಬೇರುಸಮೇತ ಎತ್ತುವನು. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಟ್ಟು ಮಣ್ಣಿಗೆ ತಿನ್ನಿಸುವನು. ಬೆಳಿಗ್ಗೆ ಬರಿಗಾಲಲ್ಲಿ ಒಂದು ಸುತ್ತು ಹಾಕಿ, ಅಲ್ಲಲ್ಲಿ ಒಂದೊಂದು ಎಸಳು ಕಿತ್ತು, ಅದರ ಬಿಳಿ ಬುಡವನ್ನು ಕಚ್ಚಿ ನೋಡುವನು. ಸಿಹಿ ಇದ್ದರೆ ಹುಲ್ಲು ಸುಖವಾಗಿದೆ, ಸಪ್ಪೆಯಾದರೆ ನೀರು ಹೆಚ್ಚಾಗಿದೆ, ಕಹಿಯಾದರೆ ಏನೋ ಕಾಯಿಲೆ.

ಬುಧವಾರವೂ ಕಚ್ಚಿದ್ದ. ಆಸ್ಪತ್ರೆಯಲ್ಲಿ ಅವನ ಹಲ್ಲಿನ ಸಂದಿಯಿಂದ ಹುಲ್ಲಿನ ಎಸಳು ತೆಗೆದಿದ್ದರು.

ಜೇಬಿನಲ್ಲಿ ಫೋನು ಅದುರಿತು. ಡಾಕ್ಟರ್.

"ವಿಷದ ಹೆಸರು ಸಿಕ್ತಾ?" ಆ ಹೆಂಗಸಿನ ದನಿಯೂ ಸೋತಿತ್ತು.

"ಇಲ್ಲ ಡಾಕ್ಟ್ರೇ. ಹುಲ್ಲಜ್ಜನ ಅಳಿಯನ ಮನೆಯ ಶೆಡ್ಡಲ್ಲಿದ್ದ ಬಾಟಲಿಗಳನ್ನೆಲ್ಲ ಕಳಿಸಿದ್ದೆನಲ್ಲ."

"ಯಾವುದೂ ಹೊಂದಲ್ಲ. ಇದು ಬೇರೆ. ಬಾಯಿಂದ ಹೋಗಿರೋದು ಸ್ವಲ್ಪ, ಚರ್ಮದಿಂದ ಇಳಿದಿರೋದೇ ಹೆಚ್ಚು. ಬಲಗೈ ಪೂರ್ತಿ ಇಂಗಿದೆ. ನೋಡಿ, ಯಾವ ವಿಷ ಅಂತ ಗೊತ್ತಾದರೆ ಅದಕ್ಕೆ ತಕ್ಕದ್ದು ಕೊಡ್ತೀನಿ. ಗೊತ್ತಿಲ್ಲದೆ ಕೊಟ್ಟರೆ ಇರೋ ಉಸಿರೂ ನಿಲ್ಲಬಹುದು. ಕತ್ತಲಾಗೋದರೊಳಗೆ ಹೇಳಿ."

"ಲ್ಯಾಬಿನವರು ಸೋಮವಾರ ಅಂತಾರೆ."

"ಸೋಮವಾರ ಅಂದರೆ ನನಗೆ ಹೇಳೋ ಅಗತ್ಯ ಇರಲ್ಲ," ಎಂದು ಆಕೆ ಫೋನಿಟ್ಟರು.

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ಮೂರೂ ಕಾಲು. ಹುಲ್ಲಿಗೆ ಕೈಯೂರಿ ಎದ್ದು ಎರಡು ಹೆಜ್ಜೆ ಇಟ್ಟವರು ದಾರಕ್ಕೆ ಕಾಲು ತಗುಲಿ ಮುಗ್ಗರಿಸಿದರು.

ಹುಲ್ಲುಹಾಸಿನ ನಡುವೆ ಉದ್ದಕ್ಕೂ ಗೂಟ ಹೊಡೆದು ಬಿಳಿ ದಾರ ಕಟ್ಟಿತ್ತು. ಈಚೆಯದು ಹುಲ್ಲಜ್ಜನ ಅರ್ಧ, ಆಚೆಯದು ಅವನ ಅಳಿಯನ ಅರ್ಧ. ಅಳಿಯನ ಕಸುಬು ಔಷಧಿ ಹೊಡೆಯುವುದು. ಯಾರ ಹುಲ್ಲು ಚೆನ್ನಾಗಿರುತ್ತದೋ ಇಡೀ ಹಾಸು ಅವರ ಕೈಗೆ ಎಂದು ಆ ನಲವತ್ತು ಮನೆಗಳ ಸಮಿತಿ ಈ ವರ್ಷ ತೀರ್ಮಾನಿಸಿತ್ತು. ಭಾನುವಾರ ಕೈಯೆತ್ತಿಸಿ ಎಣಿಸುವ ಸಭೆ. ಸೋತರೆ ಹುಲ್ಲಜ್ಜ ಕೆಲಸದ ಜೊತೆಗೆ ಹುಲ್ಲುಹಾಸಿನ ಅಂಚಿನ ಶೆಡ್ಡಿನ ಪಕ್ಕದ ತನ್ನ ಕೋಣೆಯನ್ನೂ ಬಿಡಬೇಕಿತ್ತು.

"ಪೆಟ್ಟಾಯಿತಾ?" ಸಮಿತಿಯ ಕಾರ್ಯದರ್ಶಿ ಆಚೆಯಿಂದ ಬಂದರು. ಇಸ್ತ್ರಿ ಮುರಿಯದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. "ನಾನೇ ಬಿಚ್ಚಿಬಿಡೋಣ ಅಂತ ಬಂದೆ. ಒಬ್ಬರು ಆಸ್ಪತ್ರೆ, ಒಬ್ಬರು ಲಾಕಪ್ಪು. ಇನ್ನು ದಾರ ಯಾಕೆ?"

ಇನ್ಸ್‌ಪೆಕ್ಟರ್ ಗೂಟದ ಮೇಲಿನ ಗಂಟನ್ನು ನೋಡುತ್ತಿದ್ದರು. ಎರಡು ಕುಣಿಕೆ, ದಾರದ ತುದಿಯನ್ನು ಒಳಗೆ ಮಡಚಿ ಸಿಕ್ಕಿಸಿದ್ದು, ಇಲಿಯ ಬಾಲದ ಹಾಗೆ ಇಷ್ಟೇ ಇಷ್ಟು ಹೊರಗೆ ಕಾಣುತ್ತಿತ್ತು. ಎಲ್ಲ ಗೂಟಕ್ಕೂ ಅದೇ ಗಂಟು.

"ಇದು ಯಾವ ಗಂಟು ಸಾರ್?"

"ನನ್ನದೇ," ಎಂದರು ಕಾರ್ಯದರ್ಶಿ. ಅವರ ಮುಖ ಕೊಂಚ ಅರಳಿತು. "ಮೂವತ್ತೆಂಟು ವರ್ಷ ಪಾರ್ಸೆಲ್ ಆಫೀಸಲ್ಲಿದ್ದೆ. ದಾರ ಎಳೆದರೆ ಬಿಗಿ, ಬಾಲ ಎಳೆದರೆ ಸಡಿಲ. ಬಾಲ ಗೊತ್ತಿಲ್ಲದವರು ಹಲ್ಲಲ್ಲಿ ಕಚ್ಚಿದರೂ ಬಿಚ್ಚಲ್ಲ. ಈ ದಾರ ಕಟ್ಟೋಕೆ ನಾನು ಬೇರೆ ಯಾರನ್ನೂ ಬಿಡಲಿಲ್ಲ."

"ಅರ್ಧ ಗಂಟೆ ಬಿಟ್ಟು ಬಿಚ್ಚಿ."

"ಆಗಲಿ. ನಿಮ್ಮ ಕೆಲಸ ಮೊದಲು." ಕಾರ್ಯದರ್ಶಿ ಬೆಂಚಿನ ಕಡೆ ನಡೆದರು. ಅಳಿಯನ ಮೇಲೆ ದೂರು ಬರೆದುಕೊಟ್ಟವರು ಅವರೇ. ಮಂಗಳವಾರ ಸಂಜೆ ಅವನು ಬೆನ್ನಿಗೆ ಪಂಪು ಏರಿಸಿ ದಾರದ ಪಕ್ಕ ನಿಂತಿದ್ದನ್ನು ಕಂಡೆ ಎಂದು, ತಿದ್ದುಪಡಿ ಇಲ್ಲದ ದುಂಡನೆಯ ಅಕ್ಷರದಲ್ಲಿ ಒಂದು ಪುಟ.

"ಜೀಪಲ್ಲಿ ಕೂರಿಸಿರೋ ಅಳಿಯನನ್ನು ಕರ್ಕೊಂಡು ಬಾ," ಎಂದರು ಇನ್ಸ್‌ಪೆಕ್ಟರ್ ಪೇದೆಗೆ.

ಜೀಪಿನಿಂದ ಇಳಿದವನು ಕುಳ್ಳ, ಅಗಲ ಭುಜದವ. ಎರಡೂ ಕೈ ಮೊಣಕೈವರೆಗೆ ಮಾಸಿದ ನೀಲಿ. ಊರಲ್ಲಿ ಅವನನ್ನು ನೀಲಿಕೈ ಎಂದೇ ಕರೆಯುತ್ತಿದ್ದರು. ಔಷಧಿಯಿರಲಿ ಗೊಬ್ಬರವಿರಲಿ, ಟ್ಯಾಂಕಿಗೆ ಅವನು ಒಂದು ಚಿಟಿಕೆ ನೀಲಿ ಬಣ್ಣ ಹಾಕುತ್ತಿದ್ದ. ಹೊಡೆದ ಜಾಗ ನೀಲಿಯಾಗಿ ಕಾಣುತ್ತದೆ, ಒಂದೇ ಕಡೆ ಎರಡು ಸಲ ಬೀಳುವುದಿಲ್ಲ, ಎರಡು ದಿನಕ್ಕೆ ಬಣ್ಣ ಹೋಗುತ್ತದೆ. ಬಣ್ಣ ಕಲಸಿದ ಕೈಯದು ಮಾತ್ರ ಹೋಗುವುದಿಲ್ಲ.

"ಮಾವ ಹೇಗಿದ್ದಾರೆ ಸಾರ್?"

"ಹಾಗೇ ಇದ್ದಾನೆ. ನಾಲ್ಕು ವರ್ಷದಿಂದ ಮಾವನ ಜೊತೆ ಮಾತಿಲ್ಲವಂತೆ ನಿನಗೆ."

"ಮಾತಿಲ್ಲ ಅಂದರೆ..." ಅವನು ದಾರವನ್ನು ನೋಡಿದ. "ಹುಲ್ಲಿಗೆ ಹೇಳೋರು. ತಮ್ಮ ಕಡೆ ನಿಂತು 'ಏ ಹುಲ್ಲೇ, ಇವತ್ತು ಗಾಳಿ ಇದೆ, ಕೆಲವರಿಗೆ ಬುದ್ಧಿ ಇದ್ದರೆ ಪಂಪು ಕೆಳಗಿಡ್ತಾರೆ' ಅನ್ನೋರು. ನಾನು ನನ್ನ ಕಡೆಯ ಹುಲ್ಲಿಗೆ ಉತ್ತರ ಹೇಳ್ತಿದ್ದೆ."

"ಪಂಪು ಕೆಳಗಿಡ್ತಿದ್ದೆಯಾ?"

"ಇಡ್ತಿದ್ದೆ. ಹುಲ್ಲು ಹೇಳಿದ ಮೇಲೆ ಇಡಬೇಕಲ್ಲ ಸಾರ್."

ಪೇದೆ ಮುಖ ಬೇರೆ ಕಡೆ ತಿರುಗಿಸಿಕೊಂಡ.

ಇನ್ಸ್‌ಪೆಕ್ಟರ್ ಸತ್ತ ಎರೆಹುಳುಗಳನ್ನು ತೋರಿಸಿದರು. "ಮಾವನ ಅರ್ಧದಲ್ಲಿ ವಿಷ ಬಿದ್ದಿದೆ. ನೀಲಿ ಇಲ್ಲ. ನೀಲಿ ಹಾಕದೆ ಹೊಡೆದೆ, ಅಲ್ವಾ? ಯಾರಿಗೂ ಕಾಣಬಾರದು ಅಂತ."

ಅಳಿಯ ಬಗ್ಗಿ, ಹುಳುಗಳು ಬಿದ್ದ ಜಾಗದಲ್ಲಿ ನಿಧಾನವಾಗಿ ನಡೆದ. ಎರಡು ಸಲ ನಿಂತ. ವಾಪಸು ಬಂದಾಗ ಅವನ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಕೆಲಸದವನ ಅನುಮಾನವಿತ್ತು.

"ಇದು ಪಂಪಲ್ಲ ಸಾರ್."

"ಹೇಗೆ?"

"ಪಂಪು ಹೊಡೆಯೋನು ನೇರ ಹೋಗ್ತಾನೆ, ನೇರ ಬರ್ತಾನೆ. ಪಟ್ಟೆ ಬೀಳುತ್ತೆ. ಇಲ್ಲಿ ನೋಡಿ, ಬಿಲ್ಲಿನ ಹಾಗೆ ಬಾಗಿದೆ. ಒಂದರ ಪಕ್ಕ ಒಂದು. ಇದು ಜಾಲರಿ ಮೂತಿಯ ನೀರಿನ ಕ್ಯಾನು. ಒಂದು ಹೆಜ್ಜೆ ಇಟ್ಟು ಬಲದಿಂದ ಎಡಕ್ಕೆ ಬೀಸೋದು, ಇನ್ನೊಂದು ಹೆಜ್ಜೆ, ಮತ್ತೆ ಬೀಸೋದು." ಅವನು ಕೈ ಬೀಸಿ ತೋರಿಸಿದ. ತೋರಿಸುತ್ತಲೇ ಅವನ ಕೈ ನಿಂತಿತು. "ಇದು ಮಾವನ ಬೀಸು."

"ಅವನೇ ಹಾಕಿಕೊಂಡನಾ?"

"ಗೊಬ್ಬರದ ನೀರು ಹಾಕಿದ್ದಾರೆ. ವಾರಕ್ಕೊಂದು ಸಲ, ಸೂರ್ಯ ಹುಟ್ಟೋ ಮುಂಚೆ. ಡ್ರಮ್ಮಿಂದ."

ಶೆಡ್ಡಿನ ಹಿಂದೆ ಒಂದು ದೊಡ್ಡ ಡ್ರಮ್ಮಿತ್ತು. ತರಕಾರಿ ಸಿಪ್ಪೆ, ಒಣ ಎಲೆ, ಕೊಳೆತ ಹಣ್ಣು, ಎಲ್ಲ ನೀರಲ್ಲಿ ಕೊಳೆಯುವ ಡ್ರಮ್ಮು. ಮುಚ್ಚಳದ ಮೇಲೆ ಒಂದು ಕಲ್ಲು. ಅದರ ನಾತಕ್ಕೆ ನಲವತ್ತು ಮನೆಯವರಲ್ಲಿ ಒಬ್ಬರೂ ಆ ಕಡೆ ಸುಳಿಯುತ್ತಿರಲಿಲ್ಲ. ಮೊನ್ನೆ ಪೊಲೀಸರೂ ದೂರದಿಂದಲೇ ಮೂಗು ಮುಚ್ಚಿಕೊಂಡು ಹೋಗಿದ್ದರು. ಇನ್ಸ್‌ಪೆಕ್ಟರಿಗೆ ಈಗ ಅದು ನೆನಪಾಗಿ ತಮ್ಮ ಮೇಲೇ ಬೇಸರವಾಯಿತು.

ಪೇದೆ ಕಲ್ಲು ಇಳಿಸಿ ಮುಚ್ಚಳ ತೆಗೆದ. ಕಂದು ನೀರು ಅಲುಗಾಡದೆ ನಿಂತಿತ್ತು.

"ಮುಟ್ಟಬೇಡಿ," ಎಂದ ಅಳಿಯ ಥಟ್ಟನೆ. "ಇದರಲ್ಲಿ ಹುಳ ಮಿಜಿಮಿಜಿ ಅನ್ನಬೇಕು ಸಾರ್. ಸೊಳ್ಳೆ ಮರಿ, ಬಿಳಿ ಹುಳ. ಮಾವ ಅದನ್ನೇ ನೋಡಿ ಗೊಬ್ಬರ ಹದವಾಗಿದೆ ಅನ್ನೋರು. ಈಗ ಒಂದೂ ಇಲ್ಲ."

"ಇದನ್ನು ಕಲಕೋದು ಹೇಗೆ? ಕೋಲಿಂದಾ?"

"ಕೈಯಿಂದ. ತೋಳು ಇಳಿಸಿ ತಳದ ತನಕ ಕಲಕಬೇಕು. ಕೋಲಿಗೆ ಏನು ಗೊತ್ತಾಗುತ್ತೆ ಅಂತ ಕೇಳೋರು."

ಬಲಗೈ ಪೂರ್ತಿ ಇಂಗಿದೆ, ಎಂದಿದ್ದರು ಡಾಕ್ಟರ್.

ಇನ್ಸ್‌ಪೆಕ್ಟರ್ ಶೆಡ್ಡಿನ ಗೋಡೆಗೆ ಒರಗಿದರು. ಮಂಡಿಗೆ ಈಗ ಬರೀ ನೋವಲ್ಲ, ಕೋಪವೂ ಬಂದ ಹಾಗಿತ್ತು. "ಈ ಡ್ರಮ್ಮಿನ ಹತ್ತಿರ ಬರೋರು ಯಾರ್ಯಾರು?"

ಅಳಿಯ ನೆಲ ನೋಡಿದ.

"ಕೇಳಿದ್ದು ಕೇಳಿಸಿತಾ?"

"ಮಾವ," ಎಂದ ಅವನು. ಅಲ್ಲಿಗೇ ನಿಲ್ಲಿಸಿದ.

ಆಗ ಗೇಟು ಕಿರುಗುಟ್ಟಿತು.

ಹುಲ್ಲಜ್ಜನ ಮಗಳು ಒಳಗೆ ಬಂದಳು. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸ. ಮುಂಗೈ ಮೇಲೆ ಹಳೆಯ ಸುಟ್ಟ ಗೆರೆಗಳು. ಕೈಯಲ್ಲಿ ಮುಚ್ಚಳವಿದ್ದ ಬಕೆಟ್ಟು. ಗಂಡನನ್ನು ಕಂಡು ಅವಳ ಕಾಲು ನಿಂತಿತು. ತೆರೆದ ಡ್ರಮ್ಮನ್ನು ಕಂಡು ಬಕೆಟ್ಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

"ಬಾಮ್ಮ," ಎಂದರು ಇನ್ಸ್‌ಪೆಕ್ಟರ್. "ಅಪ್ಪ ಆಸ್ಪತ್ರೆಯಲ್ಲಿ. ಸಿಪ್ಪೆ ಯಾರಿಗೆ ತಂದೆ?"

"ಅಭ್ಯಾಸ ಸಾರ್. ದಿನಾ ತರ್ತೀನಲ್ಲ."

"ಮಂಗಳವಾರವೂ ತಂದಿದ್ದೆ?"

"ಹೂಂ. ಸಂಜೆ."

"ಬರೀ ಸಿಪ್ಪೆ?"

ಅವಳು ಬಕೆಟ್ಟಿನ ಮುಚ್ಚಳವನ್ನು ಇನ್ನಷ್ಟು ಒತ್ತಿದಳು. ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ಅವರು ಕಲಿತದ್ದು ಇಷ್ಟೇ, ಸುಮ್ಮನಿರುವವರ ಪಕ್ಕ ಸುಮ್ಮನೆ ನಿಲ್ಲುವುದು. ಆದರೆ ಇವತ್ತು ಅದಕ್ಕೂ ಹೊತ್ತಿರಲಿಲ್ಲ.

"ನೋಡಮ್ಮ, ನಾನು ಬೈಯಲ್ಲ, ಹೆದರಿಸಲ್ಲ. ನಿಮ್ಮಪ್ಪನಿಗೆ ಯಾವ ಇಂಜೆಕ್ಷನ್ ಕೊಡಬೇಕು ಅಂತ ಡಾಕ್ಟರಿಗೆ ಗೊತ್ತಿಲ್ಲ. ಏನು ಹಾಕಿದ್ದು ಅಂತ ಗೊತ್ತಾದರೆ ಅವನು ನಾಳೆ ಬೆಳಿಗ್ಗೆ ಕಣ್ಣು ಬಿಡ್ತಾನೆ. ಇಲ್ಲದಿದ್ದರೆ ಇಲ್ಲ. ಈ ಡ್ರಮ್ಮಿಗೆ ಏನು ಸುರಿದೆ?"

"ಅದು ವಿಷ ಅಲ್ಲ ಸಾರ್," ಎಂದಳು ಅವಳು. ದನಿ ಕೇಳಿಸದಷ್ಟು ಸಣ್ಣದಾಗಿತ್ತು. "ಅದಕ್ಕೇ ಹೇಳಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡೆ."

"ಯಾವುದು?"

ಅವಳು ಗಂಡನ ಕಡೆ ನೋಡದೆ ಬಕೆಟ್ಟಿನ ಮುಚ್ಚಳ ತೆಗೆದು, ಸಿಪ್ಪೆಯ ಅಡಿಯಿಂದ ಒಂದು ಹಸಿರು ಪ್ಲಾಸ್ಟಿಕ್ ಕ್ಯಾನನ್ನು ಹೊರಗೆಳೆದಳು.

"ನಮ್ಮ ಮನೇದು," ಎಂದ ಅಳಿಯ ಬೆರಗಾಗಿ. "ಗೊಬ್ಬರದ ಕ್ಯಾನು. ಹುಲ್ಲು ಹಸಿರಾಗೋಕೆ ಹಾಕೋದು. ಇದನ್ನ ಯಾಕೆ ತಂದೆ?"

"ಅಪ್ಪನ ಅರ್ಧ ಬಿಳಿಚಿಕೊಂಡಿತ್ತು," ಎಂದಳು ಅವಳು, ಈಗಲೂ ಇನ್ಸ್‌ಪೆಕ್ಟರಿಗೇ. "ಗೊಣ್ಣೆಹುಳು ಬಿದ್ದು ಬೇರು ತಿಂದಿದ್ವು. ಅಪ್ಪ ಒಂದೊಂದೇ ಹೆಕ್ಕಿ ತೆಗೀತಿದ್ದರು. ಆ ಕಡೆ ಇವರದ್ದು ಗಿಳಿ ಹಸಿರು. ಭಾನುವಾರ ಜನ ಬಂದು ನೋಡೋದು ಬಣ್ಣಾನೇ ತಾನೆ ಸಾರ್? ಮಣ್ಣನ್ನ ಯಾರು ಮೂಸಿ ನೋಡ್ತಾರೆ. ಅಪ್ಪನ ಕೋಣೆ ಹೋಗುತ್ತೆ. ಹೋದರೆ ನಮ್ಮ ಮನೆಗೆ ಬರಬೇಕು, ಇವರಿಬ್ಬರು ಒಂದು ಸೂರಿನಡಿ... ಅನ್ನ ಬಡಿಸೋಕೂ ನಾನು ಮಧ್ಯೆ ದಾರ ಕಟ್ಟಬೇಕಾಗಿತ್ತು."

"ಅದಕ್ಕೆ?"

"ಅದಕ್ಕೆ ಇವರ ಶೆಡ್ಡಿಂದ ಕ್ಯಾನು ತಂದು ಅರ್ಧ ಸುರಿದೆ. ಅಪ್ಪನಿಗೆ ಗೊತ್ತಾಗಬಾರದು, ಆದರೆ ಹುಲ್ಲು ಹಸಿರಾಗಬೇಕು. ಅಪ್ಪ ಗೆಲ್ಲಲಿ ಅಂತ ಸಾರ್." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಪ್ಪ ಇಪ್ಪತ್ತಾರು ವರ್ಷ ಹಾಕದೇ ಇದ್ದದ್ದನ್ನ ಹಾಕಿದೆ ಅಂತ ನಾಚಿಕೆಯಾಗಿ ಉಳಿದದ್ದನ್ನ ಇಲ್ಲೇ ಹೂತುಬಿಡೋಣ ಅಂತ ತಂದೆ."

"ಹುಚ್ಚಿ," ಎಂದ ಗಂಡ. ಬೈಗುಳದ ದನಿಯಲ್ಲಿ ಅಲ್ಲ. "ನನ್ನ ಕೇಳಿದ್ದರೆ ನಾನೇ ಕೊಡ್ತಿದ್ದೆ. ಅದರಿಂದ ಎರೆಹುಳು ಸಾಯಲ್ಲ ಸಾರ್. ಬರೀ ಗೊಬ್ಬರ. ಮೈಮೇಲೆ ಸುರಿದುಕೊಂಡರೂ ಏನಾಗಲ್ಲ."

ಇನ್ಸ್‌ಪೆಕ್ಟರ್ ಕರವಸ್ತ್ರದಲ್ಲಿ ಕ್ಯಾನು ಹಿಡಿದು, ಮುಚ್ಚಳ ಅರ್ಧ ತಿರುಗಿಸಿ, ದೂರದಿಂದ ಅವನ ಮೂಗಿನ ಕಡೆ ಚಾಚಿದರು.

ಅಳಿಯ ಒಂದು ಹೆಜ್ಜೆ ಹಿಂದಕ್ಕೆ ಹೋದ.

"ಮುಚ್ಚಿ. ಮುಚ್ಚಿಬಿಡಿ." ಅವನು ತೋಳಿನಿಂದ ಮೂಗು ಮುಚ್ಚಿಕೊಂಡ. "ಗೊಬ್ಬರಕ್ಕೆ ಉಪ್ಪಿನ ವಾಸನೆ. ಇದು ಬೆಳ್ಳುಳ್ಳಿ ಕೊಳೆತ ಹಾಗಿದೆ. ಯಾವುದೋ ಹಳೇ ಕೀಟನಾಶಕ. ಈಗ ಅಂಗಡಿಯಲ್ಲಿ ಕೊಡೋದೇ ಇಲ್ಲ ಇಂಥದ್ದು."

"ಹೆಸರು?"

"ಗೊತ್ತಿಲ್ಲ ಸಾರ್. ಆಣೆ. ಇಂಥ ವಾಸನೆಯವು ನಾಲ್ಕೈದು ಇದ್ವು."

"ನಿನ್ನ ಶೆಡ್ಡಿಗೆ ಹೇಗೆ ಬಂತು?"

"ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಇತ್ತು. ಅಂಗಡಿಯವರು ಇಟ್ಟು ಹೋಗಿದ್ದಾರೆ ಅಂದುಕೊಂಡೆ. ಯಾವಾಗಲೂ ಹಾಗೇ ಇಟ್ಟು ಹೋಗ್ತಾರೆ. ಬುಧವಾರ ಕಲಸಿ ಹಾಕೋಣ ಅಂತ ಒಳಗೆ ತೆಗೆದಿಟ್ಟೆ."

ಮಗಳು ಡ್ರಮ್ಮಿನ ಅಂಚು ಹಿಡಿದು ಹಾಗೇ ಕುಸಿದು ಕೂತಳು. ಅಳಲಿಲ್ಲ. ತನ್ನ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಇನ್ಸ್‌ಪೆಕ್ಟರ್ ಕ್ಯಾನನ್ನು ಬೆಳಕಿಗೆ ಹಿಡಿದರು. ಮುಚ್ಚಳದ ಮೇಲೆ ಯಾರೋ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಿದ್ದರು. ಹಾಳೆ ಹರಿದಿತ್ತು. ಕಟ್ಟಿದ ದಾರ ಮಾತ್ರ ಕ್ಯಾನಿನ ಕತ್ತಿಗೆ ಜಾರಿ ಉಳಿದಿತ್ತು.

"ಇದನ್ನ ಬಿಚ್ಚಲಿಲ್ಲವಾ?"

"ಬರಲಿಲ್ಲ ಸಾರ್," ಎಂದಳು ಅವಳು ತಲೆಯೆತ್ತದೆ. "ಹಲ್ಲಲ್ಲೂ ಕಚ್ಚಿದೆ. ಆಮೇಲೆ ಕೆಳಕ್ಕೆ ಸರಿಸಿದೆ."

ಬಿಳಿ ದಾರ. ಎರಡು ಕುಣಿಕೆ. ಒಳಗೆ ಮಡಚಿದ ಬಾಲ.

ಇನ್ಸ್‌ಪೆಕ್ಟರ್ ಬೆರಳ ತುದಿಯಿಂದ ಆ ಬಾಲವನ್ನು ಎಳೆದರು. ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು. ಬಿಚ್ಚಿದ ದಾರವನ್ನು ಅವರು ಹಾಗೇ ಪೇದೆಯ ಕೈಗಿಟ್ಟರು.

ಆಮೇಲೆ ಅಳಿಯನನ್ನು ಕೇಳಿದರು: "ಔಷಧಿ ಕಲಸುವಾಗ ಕೈಗೆ ಗ್ಲೌಸು ಹಾಕ್ತೀಯಾ?"

"ಔಷಧಿಗೆ ಹಾಕ್ತೀನಿ."

"ಗೊಬ್ಬರಕ್ಕೆ?"

"ಗೊಬ್ಬರಕ್ಕೆ ಯಾರು ಹಾಕ್ತಾರೆ ಸಾರ್? ತೋಳು ಇಳಿಸಿ ಕಲಕ್ತೀನಿ. ಎಲ್ಲರ ಎದುರೇ, ಆ ನಲ್ಲಿ ಹತ್ತಿರ. ಮಾವನ ಹತ್ತಿರ ಕೆಲಸ ಕಲಿಯುವಾಗ ಅವರೇ ಕಲಿಸಿದ್ದು." ಹೇಳಿ ಮುಗಿಸುವಷ್ಟರಲ್ಲಿ ಅವನ ನೀಲಿ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

"ಇದನ್ನ ನಿಮ್ಮಪ್ಪನಿಗೆ ಇಟ್ಟದ್ದಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್. "ನಿನ್ನ ಗಂಡನಿಗೆ."

ಎಲ್ಲೋ ಒಂದು ಹುಲ್ಲು ಕತ್ತರಿಸುವ ಯಂತ್ರ ಗೊರಗೊರ ಎನ್ನುತ್ತಿತ್ತು.

"ನನ್ನ ಮೇಲೆ ಯಾರಿಗೆ ಏನು ಸಾರ್?" ಅಳಿಯ ತೊದಲಿದ. "ನಾನು ಯಾರ ತಂಟೆಗೂ ಹೋಗೋನಲ್ಲ."

"ಭಾನುವಾರಕ್ಕೆ ಮುಂಚೆ ಏನು ಮಾಡಬೇಕು ಅಂತಿದ್ದೆ? ಚಿಕ್ಕದಾದರೂ ಹೇಳು."

"ಏನಿಲ್ಲ. ಅದೊಂದು ಹಳದಿ ಜಾಗ." ಅವನು ದಾರದಾಚೆ, ದಾರಕ್ಕೆ ಅಂಟಿದ ತನ್ನ ಅರ್ಧದ ಮೂಲೆಗೆ ಗಲ್ಲ ತೋರಿಸಿದ. "ಎರಡಡಿ ಅಗಲ, ಐದಾರಡಿ ಉದ್ದ, ಒಬ್ಬ ಮಲಗುವಷ್ಟು. ಏನು ಹೊಡೆದರೂ ಅಲ್ಲಿ ಹುಲ್ಲು ಹಿಡಿಯಲ್ಲ. ಒಂದಿನ ಮಾವ ಈ ಕಡೆಯಿಂದ ಹೇಳಿದರು, 'ಏ ಹುಲ್ಲೇ, ಅದಕ್ಕೆ ಹಸಿವಲ್ಲ, ಕೆಳಗೆ ಏನೋ ಇದೆ' ಅಂತ. ನನಗೂ ಹಾಗೇ ಅನ್ನಿಸಿತ್ತು. ನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ್ದು ಅದೊಂದೇ. ಬುಧವಾರ ಗೊಬ್ಬರ ಹಾಕಿದ ಮೇಲೆ ಅಗೆದು ನೋಡ್ತೀನಿ ಅಂತ ಹೇಳಿದ್ದೆ."

"ಯಾರಿಗೆ?"

"ಅಪ್ಪಣೆ ಬೇಕಲ್ಲ ಸಾರ್. ಕಾರ್ಯದರ್ಶಿಗಳಿಗೆ."

ಫೋನು ಮತ್ತೆ ಅದುರಿತು. ಇನ್ಸ್‌ಪೆಕ್ಟರ್ ಎತ್ತಿ ಕಿವಿಗಿಟ್ಟುಕೊಂಡರು.

"ಉಸಿರು ಏರುಪೇರಾಗ್ತಿದೆ," ಎಂದರು ಡಾಕ್ಟರ್. "ಹೆಸರು ಹೇಳ್ತೀರಾ, ಇಲ್ವಾ?"

"ಹೆಸರು ಗೊತ್ತಿರೋನು ಸಿಕ್ಕಿದ್ದಾನೆ. ಅವನು ಹೇಳ್ತಾನಾ ನೋಡಬೇಕು."

ಅವರು ಶೆಡ್ಡಿನ ಮರೆಯಿಂದ ಹೊರಗೆ ಬಂದರು. ಹಿಂದೆ ಅಳಿಯ, ಅವನ ಹಿಂದೆ ಗೋಡೆ ಹಿಡಿದುಕೊಂಡು ಮಗಳು. ಅರ್ಧ ಗಂಟೆ ಆಗಿತ್ತು. ಹೇಳಿದ ಮಾತಿಗೆ ತಪ್ಪದೆ ಕಾರ್ಯದರ್ಶಿ ಬೆಂಚಿನಿಂದ ಎದ್ದು ದಾರ ಬಿಚ್ಚಲು ತೊಡಗಿದ್ದರು. ಒಂದೊಂದು ಗೂಟದ ಬಾಲ ಎಳೆದು, ದಾರವನ್ನು ಎಡಗೈಯ ಉಂಡೆಗೆ ಸುತ್ತುತ್ತ, ಅವರು ಹಳದಿ ಜಾಗದ ಮೇಲೆ ಬಂದು ನಿಂತಿದ್ದರು.

ಇನ್ಸ್‌ಪೆಕ್ಟರ್ ಹತ್ತು ಹೆಜ್ಜೆ ದೂರದಲ್ಲಿ ನಿಂತು ಹಸಿರು ಕ್ಯಾನನ್ನು ಎತ್ತಿ ಹಿಡಿದರು. ಹೆಸರು ಹೇಳಿದರೆ ಒಬ್ಬ ಬದುಕುತ್ತಾನೆ, ಹೇಳಿದವನು ಸಿಕ್ಕಿಬೀಳುತ್ತಾನೆ. ಇಷ್ಟು ಸುಲಭದ ಲೆಕ್ಕವನ್ನು ಯಾರಾದರೂ ಯಾಕೆ ತಪ್ಪು ಮಾಡುತ್ತಾರೆ ಎಂದು ನೆನೆದೇ ಅವರಿಗೆ ಆಯಾಸವಾಯಿತು.

"ಸಾರ್," ಎಂದರು ಇನ್ಸ್‌ಪೆಕ್ಟರ್, "ಇದರೊಳಗೆ ಇರೋದರ ಹೆಸರು ಹೇಳಿ. ಕತ್ತಲಾಗೋದರೊಳಗೆ ಡಾಕ್ಟರಿಗೆ ಬೇಕು."

ಕಾರ್ಯದರ್ಶಿ ತಲೆಯೆತ್ತಿದರು. ಆದರೆ ಅವರು ಕ್ಯಾನನ್ನು ನೋಡಲಿಲ್ಲ, ಇನ್ಸ್‌ಪೆಕ್ಟರನ್ನೂ ನೋಡಲಿಲ್ಲ. ಅವರ ಕಣ್ಣು ಮೊದಲು ಹೋದದ್ದು ಅಳಿಯನ ಎರಡು ನೀಲಿ ಕೈಗಳ ಮೇಲೆ. ಬೆರಳಿನಿಂದ ಮೊಣಕೈವರೆಗೆ, ಚರ್ಮ ಸುಲಿದಿದೆಯೇ ಎಂದು ಪಾರ್ಸೆಲ್ ಪರೀಕ್ಷಿಸುವವರ ಹಾಗೆ, ನಿಧಾನವಾಗಿ ನೋಡಿದರು.

ಆಮೇಲೆ ಅವರ ದೃಷ್ಟಿ ಗೋಡೆ ಹಿಡಿದು ನಿಂತ ಮಗಳ ಮೇಲೆ ಹೋಯಿತು. ಅವಳ ಕೈಯಲ್ಲಿನ ಸಿಪ್ಪೆಯ ಬಕೆಟ್ಟಿನ ಮೇಲೆ ಹೋಯಿತು. ಎಲ್ಲ ಅರ್ಥವಾದವರಂತೆ ಒಮ್ಮೆ ಕಣ್ಣು ಮುಚ್ಚಿ ತೆರೆದರು.

"ಹುಲ್ಲಜ್ಜ ಸತ್ತರೆ," ಎಂದರು ಕಾರ್ಯದರ್ಶಿ, ದಾರ ಸುತ್ತುವುದನ್ನು ನಿಲ್ಲಿಸದೆ, "ಸುರಿದವರು ಯಾರು ಅಂತ ಬರ್ಕೋತೀರಿ ಇನ್ಸ್‌ಪೆಕ್ಟರೇ? ಯೋಚನೆ ಮಾಡಿ. ಹೆಸರು ಹೇಳಬೇಕಾ ಅಂತ ನಾನೂ ಯೋಚನೆ ಮಾಡ್ತೀನಿ. ಕತ್ತಲಾಗೋಕೆ ಇನ್ನೂ ಹೊತ್ತಿದೆ."